ಲಾರಿಯ ಎಸಿಗೆ ಗ್ಯಾಸ್ ತುಂಬಿಸುವ ಮುನ್ನ

ಲಾರಿಯ ಎಸಿ ತಂಪು ಕೊಡುವುದನ್ನು ನಿಲ್ಲಿಸಿದರೆ ಡ್ರೈವರ್ ಬಾಯಿಂದ ಬರುವ ಮೊದಲ ಮಾತು, "ಅಣ್ಣಾ, ಗ್ಯಾಸ್ ಖಾಲಿಯಾಗಿದೆ, ತುಂಬಿಸ್ಬಿಡಿ." ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಬಾಕ್ಸು ಏರಿಸುತ್ತಿರುವ ಲಾರಿಗೆ ಎರಡು ದಿನ ಕಾಯುವ ವ್ಯವಧಾನ ಇರುವುದಿಲ್ಲ. ಗ್ಯಾರೇಜಿನವರೂ ಅರ್ಧ ಗಂಟೆಯಲ್ಲಿ ತುಂಬಿಸಿ ಕಳಿಸುತ್ತಾರೆ. ಮುಳಬಾಗಿಲು ದಾಟುವಾಗ ಕ್ಯಾಬಿನ್ ತಣ್ಣಗಿರುತ್ತದೆ. ನಾಗಪುರದ ಹತ್ತಿರ, ಹೊರಗೆ 44 ಡಿಗ್ರಿ ಇರುವಾಗ, ಮತ್ತೆ ಬಿಸಿಗಾಳಿ.

ಎಸಿ ಗ್ಯಾಸ್ ಡೀಸೆಲ್‌ನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದು ಸುತ್ತುತ್ತಲೇ ಇರುತ್ತದೆ. ಹಾಕಿದಷ್ಟೂ ಒಳಗೇ ಇರಬೇಕು. ಇಲ್ಲವೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ರಿಪೇರಿ ಅಲ್ಲ. ಈ ಒಂದು ಮಾತು ಲಾರಿ ಮಾಲೀಕರಿಗೆ, ಡ್ರೈವರ್‌ಗಳಿಗೆ ಮನದಟ್ಟಾದರೆ ಸಾವಿರಾರು ರೂಪಾಯಿ ಉಳಿಯುತ್ತದೆ, ಕಂಪ್ರೆಸರ್‌ಗಳೂ ಉಳಿಯುತ್ತವೆ.

ಇನ್ನು ಮುಂದೆ ಈ ವಿಷಯ ಎಲ್ಲರಿಗೂ ಬೇಕಾಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2 ಮತ್ತು ಎನ್3 ವರ್ಗದ ಲಾರಿಗಳ, ಅಂದರೆ ಒಟ್ಟು ತೂಕ 3.5 ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಎಂಜಿನ್ನಿನ ಬಿಸಿ, ಮೇಲಿನ ಬಿಸಿಲು ಎರಡರ ನಡುವೆ ದಿನಕ್ಕೆ ಹನ್ನೆರಡು ಗಂಟೆ ಕೂರುವ ಮನುಷ್ಯನಿಗೆ ಇದು ಬಹಳ ಹಿಂದೆಯೇ ಸಿಗಬೇಕಿತ್ತು. ಆದರೆ ಎಸಿ ಕೊಡುವುದು ಕಾರ್ಖಾನೆ. ಅದನ್ನು ಹತ್ತು ವರ್ಷ ನಡೆಸಬೇಕಾದವರು ನಮ್ಮ ಗ್ಯಾರೇಜಿನವರು.

ತಂಪು ಹುಟ್ಟುವ ಬಗೆ

ಮಣ್ಣಿನ ಹೂಜಿಯ ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಎಸಿ ಮಾಡುವುದೂ ಇದನ್ನೇ. ವ್ಯತ್ಯಾಸ ಎರಡು. ನೀರಿನ ಬದಲು ಬಹಳ ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವ ಇಲ್ಲಿದೆ. ಜೊತೆಗೆ, ಆವಿಯಾದದ್ದನ್ನು ಗಾಳಿಗೆ ಬಿಡದೆ ಹಿಡಿದು, ಮತ್ತೆ ದ್ರವ ಮಾಡಿ, ಮತ್ತೆ ಕುದಿಸಲಾಗುತ್ತದೆ.

ಇಂದು ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಲಾರಿಗಳಲ್ಲಿ ಇರುವುದು ಆರ್-134ಎ ಎಂಬ ಗ್ಯಾಸ್. ಬಯಲಿನಲ್ಲಿ ಬಿಟ್ಟರೆ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಒತ್ತಡ ಹೆಚ್ಚಿಸಿದಷ್ಟೂ ಕುದಿಯುವ ಉಷ್ಣತೆ ಏರುತ್ತದೆ. ಎಸಿಯ ಇಡೀ ಗುಟ್ಟು ಇರುವುದು ಇಲ್ಲೇ. ಒತ್ತಡ ಅಳೆಯುವ ಗೇಜಿನಲ್ಲಿ 30 ಪಿಎಸ್‌ಐ ಇದ್ದಾಗ ಈ ಗ್ಯಾಸ್ ಸುಮಾರು ಸೊನ್ನೆ ಡಿಗ್ರಿಯಲ್ಲಿ ಕುದಿಯುತ್ತದೆ. 225 ಪಿಎಸ್‌ಐ ಇದ್ದಾಗ ಕುದಿಯಲು ಸುಮಾರು 60 ಡಿಗ್ರಿ ಬೇಕು.

ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಕಡಿಮೆ. ಅಲ್ಲಿ ದ್ರವ ಸೊನ್ನೆಯ ಆಸುಪಾಸಿನಲ್ಲಿ ಕುದಿಯುತ್ತ, ಬ್ಲೋವರ್ ತಳ್ಳುವ ಗಾಳಿಯ ಬಿಸಿಯನ್ನು ಹೀರುತ್ತದೆ. ಆವಿಯಾದ ಗ್ಯಾಸನ್ನು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಎಳೆದುಕೊಂಡು ಅದುಮುತ್ತದೆ. ಈಗ ಅದು ಹೊರಗಿನ ಗಾಳಿಗಿಂತ ಬಿಸಿ. ಹಾಗಾಗಿ ಮುಂದೆ ಕಂಡೆನ್ಸರ್‌ನಲ್ಲಿ ತನ್ನ ಬಿಸಿಯನ್ನು ಹೊರಗಾಳಿಗೆ ಕೊಟ್ಟು ದ್ರವವಾಗುತ್ತದೆ. ಹೊರಗೆ 44 ಡಿಗ್ರಿ ಇದ್ದರೂ ಕಂಡೆನ್ಸರ್ 60ರಲ್ಲಿರುವುದರಿಂದ ಬಿಸಿ ಹೊರಕ್ಕೇ ಹರಿಯುತ್ತದೆ. ಅಲ್ಲಿಂದ ಡ್ರೈಯರ್ ಎಂಬ ಡಬ್ಬಿ. ಒಳಗಿರುವ ಹರಳುಗಳು ತೇವವನ್ನು ಹೀರುತ್ತವೆ. ಕೊನೆಗೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿ. ಅದನ್ನು ದಾಟಿದೊಡನೆ ಒತ್ತಡ ಕುಸಿದು, ದ್ರವ ಮತ್ತೆ ತಣ್ಣಗೆ ಕುದಿಯಲು ಶುರು.

ಗ್ಯಾಸಿನ ಜೊತೆ ಇನ್ನೊಂದು ವಸ್ತುವೂ ಈ ಪೈಪುಗಳಲ್ಲಿ ಸುತ್ತುತ್ತದೆ. ಅದು ಕಂಪ್ರೆಸರ್ ಎಣ್ಣೆ. ಈ ಕಂಪ್ರೆಸರ್‌ಗೆ ಎಂಜಿನ್ನಿನಂತೆ ಎಣ್ಣೆ ತಳ್ಳುವ ಪಂಪು ಇರುವುದಿಲ್ಲ. ಹರಿಯುವ ಗ್ಯಾಸೇ ಎಣ್ಣೆಯನ್ನು ಹೊತ್ತು ತರಬೇಕು. ಗ್ಯಾಸ್ ಕಡಿಮೆಯಾದರೆ ಎಣ್ಣೆ ಕೂಲಿಂಗ್ ಕಾಯಿಲ್‌ನಲ್ಲೇ ಉಳಿದು ಕಂಪ್ರೆಸರ್ ಒಣಗುತ್ತದೆ, ಉಜ್ಜುತ್ತದೆ, ಕೊನೆಗೆ ಜಾಮ್ ಆಗುತ್ತದೆ. ಇದನ್ನು ತಪ್ಪಿಸಲೆಂದೇ ಒತ್ತಡ ಸುಮಾರು 2 ಬಾರ್‌ಗಿಂತ (29 ಪಿಎಸ್‌ಐ) ಕೆಳಗಿಳಿದರೆ ಕಂಪ್ರೆಸರ್ ನಿಲ್ಲಿಸುವ ಪ್ರೆಷರ್ ಸ್ವಿಚ್ ಇಟ್ಟಿರುತ್ತಾರೆ. "ಸ್ವಿಚ್ ಹೋಗಿದೆ" ಎಂದು ವೈರ್ ಹಾಕಿ ನೇರ ಮಾಡಿಕೊಡುವ ಅಭ್ಯಾಸ ನಮ್ಮ ಹೆದ್ದಾರಿಗಳ ಉದ್ದಕ್ಕೂ ಇದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ನೂರಾರು ರೂಪಾಯಿಯ ಸ್ವಿಚ್ಚನ್ನು ದಾಟಿಸಲು ಹೋಗಿ ಕಂಪ್ರೆಸರ್, ಡ್ರೈಯರ್, ಕಂಡೆನ್ಸರ್ ಮೂರನ್ನೂ ಕಳೆದುಕೊಳ್ಳುವ ದಾರಿ ಅದು. ಜಾಮ್ ಆದ ಕಂಪ್ರೆಸರ್‌ನಿಂದ ಹೊರಟ ಲೋಹದ ಪುಡಿ ಕಂಡೆನ್ಸರಿನ ಕೂದಲೆಳೆಯಂಥ ದಾರಿಗಳಲ್ಲಿ ಕೂತರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಗೇಜ್ ಹಚ್ಚುವ ಮೊದಲು

ತಂಪು ಬಾರದ ಲಾರಿಗಳೆಲ್ಲ ಗ್ಯಾಸ್ ಕಳೆದುಕೊಂಡವೇ ಆಗಿರುವುದಿಲ್ಲ. ಮಾಲೂರಿನಿಂದ ಇಟ್ಟಿಗೆ, ಹೆಂಚು ಹೊರುವ ಲಾರಿಗಳನ್ನೂ ಟೇಕಲ್ ಕಡೆ ಕಲ್ಲು ಸಾಗಿಸುವ ಟಿಪ್ಪರ್‌ಗಳನ್ನೂ ನೋಡಿ. ಕಂಡೆನ್ಸರಿನ ರೆಕ್ಕೆಗಳ ಸಂದಿನಲ್ಲಿ ಕೆಂಪು ಧೂಳು, ಕಲ್ಲಿನ ಪುಡಿ, ಡೀಸೆಲ್ ಜಿಡ್ಡು ಸೇರಿ ಗೋಡೆಯೇ ಆಗಿರುತ್ತದೆ. ಗಾಳಿ ನುಗ್ಗದಿದ್ದರೆ ಬಿಸಿ ಹೊರಹೋಗುವುದಿಲ್ಲ. ಲಾರಿ ಓಡುವಾಗ ತಂಪು, ಟೋಲ್‌ಗೇಟಿನಲ್ಲಿ ನಿಂತಾಗ ಬಿಸಿ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್ ಮತ್ತು ಅದರ ಫ್ಯಾನ್. ಒಳಬದಿಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್‌ನ ಜೋರು ಧಾರೆ ಹತ್ತಿರದಿಂದ ಬಿದ್ದರೆ ರೆಕ್ಕೆಗಳು ಮಡಚಿ ಮೊದಲಿಗಿಂತ ಕೆಡುತ್ತದೆ.

ಬ್ಲೋವರ್ ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಬೆಲ್ಟ್ ಸಡಿಲವಾಗಿ ಜಾರುತ್ತಿರಬಹುದು. ಫ್ಯೂಸ್, ರಿಲೇ ನೋಡಲು ಐದು ನಿಮಿಷ ಸಾಕು.

ಕಂಪ್ರೆಸರಿನ ಮುಂದಿರುವ ಮ್ಯಾಗ್ನೆಟ್ ಕ್ಲಚ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎಸಿ ಒತ್ತಿದಾಗ 'ಟಕ್' ಎಂದು ಮುಂದಿನ ತಟ್ಟೆಯನ್ನು ಎಳೆದುಕೊಳ್ಳುವುದು ಇದೇ. ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಸವೆದು ಸಂದು ದೊಡ್ಡದಾದರೆ ಬೆಳಿಗ್ಗೆ ತಣ್ಣಗಿರುವಾಗ ಹಿಡಿಯುತ್ತದೆ, ಮಧ್ಯಾಹ್ನ ಕಾಯಿಲ್ ಬಿಸಿಯಾದಾಗ ಎಳೆಯುವ ಶಕ್ತಿ ಸಾಲದೆ ಬಿಟ್ಟುಬಿಡುತ್ತದೆ. ಗ್ಯಾಸ್ ಸರಿಯಾಗಿಯೇ ಇರುತ್ತದೆ, ಆದರೂ ಮಧ್ಯಾಹ್ನ ತಂಪಿಲ್ಲ. ಹಲವು ಕಂಪ್ರೆಸರ್‌ಗಳಲ್ಲಿ ತಟ್ಟೆಯ ಹಿಂದಿನ ತೆಳು ವಾಷರ್ ಒಂದನ್ನು ತೆಗೆದರೆ ಸಂದು ಸರಿಹೋಗುತ್ತದೆ. ಮತ್ತೊಂದು ಎಚ್ಚರಿಕೆ: ಲಾರಿಗಳದ್ದು ಹೆಚ್ಚಾಗಿ 24 ವೋಲ್ಟ್. ಕಾರಿನ 12 ವೋಲ್ಟ್ ಮ್ಯಾಗ್ನೆಟ್ ತಂದು ಕೂರಿಸಿದರೆ ಸುಟ್ಟುಹೋಗುತ್ತದೆ.

ಎರಡು ಮುಳ್ಳು ಹೇಳುವ ಮಾತು

ನೀಲಿ ಗೇಜ್ ಕಡಿಮೆ ಒತ್ತಡದ ಕಡೆಗೆ, ಕೆಂಪು ಗೇಜ್ ಹೆಚ್ಚು ಒತ್ತಡದ ಕಡೆಗೆ. ಎಂಜಿನ್ ನಿಂತಿರುವಾಗ ಎರಡೂ ಒಂದೇ ಒತ್ತಡ ತೋರಿಸುತ್ತವೆ. ಅನೇಕರು ಮೋಸ ಹೋಗುವುದು ಇಲ್ಲಿ. 30 ಡಿಗ್ರಿ ಬಿಸಿಯಿರುವ ದಿನ ಕೋಲಾರದಲ್ಲಿ ನಿಂತ ಲಾರಿಯ ಗೇಜ್ ಸುಮಾರು 98 ಪಿಎಸ್‌ಐ ತೋರಿಸುತ್ತದೆ. ಡಿಸೆಂಬರಿನ 15 ಡಿಗ್ರಿಯ ಬೆಳಿಗ್ಗೆ ಅದೇ ಲಾರಿ ತೋರಿಸುವುದು 57ರ ಆಸುಪಾಸು. ಒಳಗೆ ದ್ರವ ರೂಪದ ಗ್ಯಾಸ್ ಒಂದಿಷ್ಟು ಉಳಿದಿರುವವರೆಗೆ ಒತ್ತಡ ನಿರ್ಧಾರವಾಗುವುದು ಉಷ್ಣತೆಯಿಂದ ಮಾತ್ರ. 300 ಗ್ರಾಂ ಇದ್ದರೂ 800 ಗ್ರಾಂ ಇದ್ದರೂ ಮುಳ್ಳು ನಿಲ್ಲುವುದು ಅದೇ ಜಾಗದಲ್ಲಿ. ನಿಂತ ಗಾಡಿಯ ಗೇಜ್ ನೋಡಿ "ಗ್ಯಾಸ್ ಫುಲ್ ಇದೆ" ಅನ್ನುವವರ ಮಾತನ್ನು ಅದಕ್ಕೇ ನಂಬಬಾರದು.

ಎಂಜಿನ್ ಓಡಿಸಿ, ಆರ್‌ಪಿಎಂ ಸ್ವಲ್ಪ ಏರಿಸಿ, ಬ್ಲೋವರ್ ಜೋರಾಗಿಟ್ಟು ನೋಡಿದಾಗ ಮುಳ್ಳುಗಳು ನಿಜ ಹೇಳುತ್ತವೆ. ಹೊರಗೆ 32–35 ಡಿಗ್ರಿ ಇದ್ದಾಗ ನೀಲಿ 30ರಿಂದ 40, ಕೆಂಪು 200ರಿಂದ 250 ಇದ್ದರೆ ವ್ಯವಸ್ಥೆ ಆರೋಗ್ಯವಾಗಿದೆ. ಎರಡೂ ಕೆಳಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಮೇಲಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್ ಕಟ್ಟಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ನೀಲಿ ಮೇಲೆ, ಕೆಂಪು ಕೆಳಗೆ ಇದ್ದರೆ ಕಂಪ್ರೆಸರ್ ಅದುಮುತ್ತಿಲ್ಲ.

ನೀಲಿ ಮುಳ್ಳು ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮ್ (ನಿರ್ವಾತ) ಕಡೆಗೆ ಜಾರಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಿದೆ. ಕಟ್ಟಿರುವುದು ಕೊಳೆಯೇ ಆಗಬೇಕಿಲ್ಲ, ಮಂಜುಗಡ್ಡೆಯೂ ಇರಬಹುದು. ಪೈಪಿನೊಳಗೆ ಸೇರಿದ ಕೆಲವೇ ಹನಿ ನೀರು ವಾಲ್ವಿನ ಕಿಂಡಿಯಲ್ಲಿ ಹೆಪ್ಪುಗಟ್ಟುತ್ತದೆ. ಆಗ ಇಪ್ಪತ್ತು ನಿಮಿಷ ಚೆನ್ನಾಗಿ ತಂಪು ಬಂದು ನಿಲ್ಲುತ್ತದೆ. ಎಸಿ ಆಫ್ ಮಾಡಿ ಟೀ ಕುಡಿದು ಬಂದರೆ ಗಡ್ಡೆ ಕರಗಿ ಮತ್ತೆ ತಂಪು. ಈ ಲಕ್ಷಣ ಹೇಳಿದರೆ ಸಾಕು, ಒಳ್ಳೆಯ ಮೆಕಾನಿಕ್ ಗೇಜ್ ಹಚ್ಚುವ ಮೊದಲೇ ಕಾರಣ ಊಹಿಸುತ್ತಾರೆ.

ಸೋರುವ ಜಾಗಗಳು

ಮನೆಯ ಫ್ರಿಜ್ಜಿನಲ್ಲಿ ಮೋಟಾರು, ಕಂಪ್ರೆಸರ್ ಎರಡೂ ಒಂದೇ ಬೆಸುಗೆ ಹಾಕಿದ ಡಬ್ಬಿಯೊಳಗಿರುತ್ತವೆ. ಲಾರಿಯಲ್ಲಿ ಕಂಪ್ರೆಸರಿನ ಶಾಫ್ಟ್ ಹೊರಗೆ ಬಂದು ಬೆಲ್ಟಿನಿಂದ ತಿರುಗಬೇಕು. ಆ ಶಾಫ್ಟ್ ಸುತ್ತಲಿನ ಸೀಲ್, ಎಂಜಿನ್ ನಡುಕ ತಡೆಯಲು ಇಟ್ಟ ರಬ್ಬರ್ ಹೋಸು, ಪ್ರತಿ ಜಾಯಿಂಟಿನ ಓ-ರಿಂಗ್ ಎಂಬ ರಬ್ಬರ್ ಬಳೆ, ಕಲ್ಲೇಟಿಗೆ ಸಿಗುವ ಕಂಡೆನ್ಸರ್ – ಇವೆಲ್ಲ ಸೋರಿಕೆಯ ಸಾಧ್ಯತೆಗಳೇ. ಎಷ್ಟೇ ಒಳ್ಳೆಯ ಹೋಸು, ಸೀಲ್ ಇದ್ದರೂ ವರ್ಷಕ್ಕೆ ಒಂದಿಷ್ಟು ಗ್ರಾಂ ಜಿನುಗುವುದು ಸಹಜ. ಕೆಲವು ವರ್ಷಕ್ಕೊಮ್ಮೆ ತಂಪು ತುಸು ತಗ್ಗಿದರೆ ಗಾಬರಿ ಬೇಡ. ಒಂದೇ ಬೇಸಿಗೆಯಲ್ಲಿ ಎರಡು ಸಲ ತುಂಬಿಸಬೇಕಾಯಿತೆಂದರೆ ಅದು ಜಿನುಗುವಿಕೆ ಅಲ್ಲ, ತೂತು.

ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಬರುತ್ತದೆ, ಆ ಎಣ್ಣೆಗೆ ಧೂಳು ಮೆತ್ತುತ್ತದೆ. ಆದ್ದರಿಂದ ಕಪ್ಪಗೆ ಜಿಡ್ಡಾದ ಜಾಯಿಂಟೇ ಮೊದಲ ಸುಳಿವು. ಅದು ಸಾಲದಿದ್ದರೆ ಸಾಬೂನಿನ ನೀರು, ಬಣ್ಣ ಹಾಕಿ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ನೋಡುವುದು, ಎಲೆಕ್ಟ್ರಾನಿಕ್ ಡಿಟೆಕ್ಟರ್. ಖಾಲಿ ವ್ಯವಸ್ಥೆಗೆ ಒಣ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಕಾದು ನೋಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಉತ್ತಮ. ನೈಟ್ರೋಜನ್ ಸಿಲಿಂಡರಿಗೆ ರೆಗ್ಯುಲೇಟರ್ ಇರಲೇಬೇಕು. ವೆಲ್ಡಿಂಗ್ ಅಂಗಡಿಯಿಂದ ಆಕ್ಸಿಜನ್ ತಂದು ಪರೀಕ್ಷಿಸುವುದಂತೂ ಜೀವಕ್ಕೇ ಅಪಾಯ. ಒತ್ತಡದ ಆಕ್ಸಿಜನ್ ಎಣ್ಣೆಯನ್ನು ಮುಟ್ಟಿದರೆ ಸ್ಫೋಟವಾಗುತ್ತದೆ.

ಬಿಚ್ಚುವುದಕ್ಕೆ ಮುಂಚೆ ಒಳಗಿರುವ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. 'ಬುಸ್' ಎಂದು ಗಾಳಿಗೆ ಬಿಡುವುದು ಸುಲಭ, ಆದರೆ ಅದರ ಬೆಲೆ ದೊಡ್ಡದು. ಹಿಂದೆ ಬಳಸುತ್ತಿದ್ದ ಆರ್-12 ಗ್ಯಾಸ್ ಓಜೋನ್ ಪದರವನ್ನು ಕೊರೆಯುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹೋಗಿ ಆರ್-134ಎ ಬಂತು. ಇದು ಓಜೋನ್‌ಗೆ ಕೇಡು ಮಾಡದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 1,430 ಪಟ್ಟು ಶಕ್ತಿಶಾಲಿ ಎಂದು ಲೆಕ್ಕ ಹಾಕಲಾಗಿದೆ. 800 ಗ್ರಾಂ ಗಾಳಿಗೆ ಬಿಟ್ಟರೆ ಸುಮಾರು 425 ಲೀಟರ್ ಡೀಸೆಲ್ ಸುಟ್ಟಷ್ಟು ಹಾನಿ. ಅದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. 2032ರಿಂದ ಇಂಥ ಗ್ಯಾಸುಗಳ ಬಳಕೆ ಹಂತಹಂತವಾಗಿ ಇಳಿಯಬೇಕು.

ರಿಪೇರಿ ಎಂದರೆ ಬಿಚ್ಚಿದ ಪ್ರತಿ ಜಾಯಿಂಟಿಗೂ ಹೊಸ ಓ-ರಿಂಗ್, ಅದಕ್ಕೆ ಕಂಪ್ರೆಸರ್ ಎಣ್ಣೆಯ ಲೇಪ. ಆರ್-134ಎಗೆ ಹೊಂದುವ ರಬ್ಬರೇ ಬೇಕು. ಕೈಗೆ ಸಿಕ್ಕ ವಾಷರ್ ಆಗದು. ವ್ಯವಸ್ಥೆ ತೆರೆದು ಕೂತಿದ್ದರೆ ಡ್ರೈಯರ್ ಬದಲಿಸಲೇಬೇಕು, ಅದರ ಹರಳುಗಳು ಗಾಳಿಯ ತೇವ ಕುಡಿದು ತುಂಬಿಹೋಗಿರುತ್ತವೆ. ಪಿಎಜಿ ಎಂಬ ಕಂಪ್ರೆಸರ್ ಎಣ್ಣೆಯೂ ತೇವ ಹೀರುವಂಥದ್ದೇ. ಮುಚ್ಚಳ ತೆರೆದು ತಿಂಗಳಾದ ಡಬ್ಬಿಯ ಎಣ್ಣೆ ಹಾಕಬಾರದು. ಕಂಪ್ರೆಸರ್ ಬದಲಿಸಿದರೆ ಹಳೆಯದರಿಂದ ಎಷ್ಟು ಎಣ್ಣೆ ಬಂತೆಂದು ಅಳೆದು, ಹೊಸದರಲ್ಲಿ ಅದಕ್ಕೆ ತಕ್ಕಷ್ಟು ಉಳಿಸಬೇಕು. ಎಣ್ಣೆ ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ.

ವ್ಯಾಕ್ಯೂಮ್, ಮತ್ತು ನಮ್ಮ ಊರಿನ ಎತ್ತರ

ಅವಸರದಲ್ಲಿ ಮೊದಲು ಬಿಟ್ಟುಹೋಗುವ ಹಂತ ಇದು. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ ಹಂತವೂ ಇದೇ. ಬಿಚ್ಚಿದ ಪೈಪಿನೊಳಗೆ ಗಾಳಿ ಸೇರಿದೆ, ಗಾಳಿಯ ಜೊತೆ ತೇವವಿದೆ. ಗಾಳಿ ಎಷ್ಟು ಅದುಮಿದರೂ ದ್ರವವಾಗದೆ ಕಂಡೆನ್ಸರಿನಲ್ಲಿ ಜಾಗ ಹಿಡಿಯುತ್ತದೆ. ತೇವವು ಗ್ಯಾಸ್, ಎಣ್ಣೆಗಳ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದ ತಿನ್ನುತ್ತದೆ. ಎರಡನ್ನೂ ತೆಗೆಯುವುದು ವ್ಯಾಕ್ಯೂಮ್ ಪಂಪ್. ಒತ್ತಡ ಸಾಕಷ್ಟು ಇಳಿದರೆ ನೀರು ಸಾಮಾನ್ಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ.

ಸಮುದ್ರಮಟ್ಟದಲ್ಲಿ ಪೂರ್ಣ ವ್ಯಾಕ್ಯೂಮ್ ಎಂದರೆ ಗೇಜಿನಲ್ಲಿ (ಪಾದರಸದ ಅಳತೆಯಲ್ಲಿ) ಸುಮಾರು 30 ಇಂಚು. ಚೆನ್ನೈನಲ್ಲಿ ಕೆಲಸ ಕಲಿತವರು ಕೋಲಾರಕ್ಕೆ ಬಂದು 29 ಇಂಚು ಬರಲಿ ಎಂದು ಕಾದರೆ ಬರುವುದೇ ಇಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ನಮ್ಮಲ್ಲಿ ಪೂರ್ಣ ವ್ಯಾಕ್ಯೂಮ್ ಎಂದರೆ 27 ಇಂಚಿನ ಆಸುಪಾಸು. ಆ ಕಾರಣಕ್ಕೆ ಪಂಪನ್ನು ದೂರಬೇಕಿಲ್ಲ. ಹಾಗೆಂದು 24–25ಕ್ಕೆ ತೃಪ್ತಿಪಡುವಂತೆಯೂ ಇಲ್ಲ. 30 ಡಿಗ್ರಿಯ ದಿನ ಪೈಪಿನೊಳಗಿನ ನೀರು ಕುದಿಯಬೇಕಾದರೆ ಪೂರ್ಣ ವ್ಯಾಕ್ಯೂಮಿಗೆ ಒಂದೂಕಾಲು ಇಂಚಿನಷ್ಟು ಹತ್ತಿರ ಹೋಗಲೇಬೇಕು. ಚಳಿಗಾಲದ ಬೆಳಿಗ್ಗೆ ಅರ್ಧ ಇಂಚಿನಷ್ಟು ಹತ್ತಿರ. ಚಳಿಯಲ್ಲಿ ಹೆಚ್ಚು ಹೊತ್ತು ಪಂಪ್ ಓಡಿಸಬೇಕಾದ್ದು ಇದಕ್ಕೇ. ಹಳೆಯ ಫ್ರಿಜ್ ಕಂಪ್ರೆಸರನ್ನೇ ವ್ಯಾಕ್ಯೂಮ್ ಪಂಪ್ ಮಾಡಿಕೊಂಡವರಿದ್ದಾರೆ. ಅದರಿಂದ ಗಾಳಿ ಬಹುಮಟ್ಟಿಗೆ ಹೊರಬಂದರೂ ತೇವ ತೆಗೆಯುವಷ್ಟು ಆಳಕ್ಕೆ ಅದು ಎಳೆಯುವುದಿಲ್ಲ. ಎರಡು ಹಂತದ ಪಂಪಿನಲ್ಲಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಮುಕ್ಕಾಲು ಗಂಟೆ ಎಳೆಯಬೇಕು. ನಂತರ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಹದಿನೈದು ಇಪ್ಪತ್ತು ನಿಮಿಷ ಮುಳ್ಳು ಕದಲುತ್ತದೆಯೇ ನೋಡಬೇಕು. ಕದಲಿದರೆ ಸೋರಿಕೆಯೋ ತೇವವೋ ಇನ್ನೂ ಉಳಿದಿದೆ.

ತೂಕ ಹಾಕಿ ತುಂಬಿಸಿ

ಎಷ್ಟು ಗ್ಯಾಸ್ ಬೇಕೆಂದು ಕ್ಯಾಬಿನ್‌ನ ಅಥವಾ ಬಾನೆಟ್‌ನ ಒಳಬದಿಯ ಚೀಟಿಯಲ್ಲಿ, ಇಲ್ಲವೇ ಕಂಪನಿಯ ಪುಸ್ತಕದಲ್ಲಿ ಗ್ರಾಂ ಲೆಕ್ಕದಲ್ಲೇ ಬರೆದಿರುತ್ತದೆ. ಸಿಲಿಂಡರನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಅಷ್ಟೇ ಹಾಕಬೇಕು. ಪೈಪ್ ಮುಟ್ಟಿ ತಣ್ಣಗಾಯಿತೇ ಎಂದು ನೋಡಿ ಹಾಕುವ ಪದ್ಧತಿಯಲ್ಲಿ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಗ್ಯಾಸ್ ಹೆಚ್ಚಾದರೆ ತಂಪು ಹೆಚ್ಚಾಗುವುದಿಲ್ಲ, ತಗ್ಗುತ್ತದೆ. ಕಂಡೆನ್ಸರಿನಲ್ಲಿ ದ್ರವವೇ ತುಂಬಿ ಆವಿಗೆ ಜಾಗವಿಲ್ಲದಾಗುತ್ತದೆ, ಕೆಂಪು ಮುಳ್ಳು ಏರುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ.

ವ್ಯಾಕ್ಯೂಮ್ ಆದ ಮೇಲೆ, ಎಂಜಿನ್ ನಿಂತಿರುವಾಗ, ಮೊದಲ ಪಾಲನ್ನು ಹೆಚ್ಚು ಒತ್ತಡದ ಕಡೆಯಿಂದ ದ್ರವವಾಗಿಯೇ ಬಿಡಬಹುದು. ಆಮೇಲೆ ಆ ವಾಲ್ವನ್ನು ಬಿಗಿಯಾಗಿ ಮುಚ್ಚಿ, ಎಂಜಿನ್ ಚಾಲೂ ಮಾಡಿ, ಉಳಿದದ್ದನ್ನು ಸಿಲಿಂಡರ್ ನೆಟ್ಟಗಿಟ್ಟು ಆವಿಯಾಗಿ ನೀಲಿ ಕಡೆಯಿಂದ ಕೊಡಬೇಕು. ಓಡುವ ಕಂಪ್ರೆಸರಿಗೆ ದ್ರವ ನುಗ್ಗಿದರೆ ಒಳಗಿನ ವಾಲ್ವ್ ತಟ್ಟೆಗಳು ಮುರಿಯುತ್ತವೆ, ಏಕೆಂದರೆ ದ್ರವವನ್ನು ಅದುಮಲಾಗದು. ಎಂಜಿನ್ ಓಡುತ್ತಿರುವಾಗ ಕೆಂಪು ವಾಲ್ವ್ ತೆರೆದರೆ ಇನ್ನೂ ಕೆಟ್ಟದ್ದು: ಆ ಒತ್ತಡವೆಲ್ಲ ಕೈಯಲ್ಲಿರುವ ಡಬ್ಬಿಗೆ ನುಗ್ಗಿ ಅದು ಸಿಡಿಯಬಹುದು. ಗ್ಯಾಸ್ ಬೇಗ ಇಳಿಯಲಿ ಎಂದು ಡಬ್ಬಿಗೆ ಬೆಂಕಿ ತೋರಿಸಬಾರದು, ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಾಕು. ಕನ್ನಡಕ, ಕೈಗವಸು ಇಲ್ಲದೆ ಹೋಸ್ ಬಿಚ್ಚಬಾರದು. ಚಿಮ್ಮಿದ ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಡಬ್ಬಿಯ ಮೇಲೆ ಏನು ಬರೆದಿದೆ ಎನ್ನುವುದರಷ್ಟೇ ಅದನ್ನು ಎಲ್ಲಿಂದ ಕೊಂಡರು ಎಂಬುದೂ ಮುಖ್ಯ. ಅಗ್ಗದ ನಕಲಿ ಗ್ಯಾಸಿನಲ್ಲಿ ಆರ್-40 ಎಂಬ ವಿಷಗ್ಯಾಸ್ ಬೆರೆತಿದ್ದರೆ, ಅದು ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಇದೇ ಕಾರಣಕ್ಕೆ ಹಡಗಿನ ಶೀತಲ ಕಂಟೇನರ್‌ಗಳು ಸಿಡಿದು ಬಂದರು ಕಾರ್ಮಿಕರು ಸತ್ತರು. ಎಲ್‌ಪಿಜಿ ತುಂಬಿದರೂ ತಂಪು ಬರುತ್ತದೆ ನಿಜ. ಆದರೆ ಕೂಲಿಂಗ್ ಕಾಯಿಲ್ ಇರುವುದು ಕ್ಯಾಬಿನ್ನಿನೊಳಗೆ, ಅಲ್ಲಿ ಸೋರಿದರೆ ಒಂದು ಬೀಡಿಯ ಕಿಡಿ ಸಾಕು.

ಹೊರಡುವ ಮುನ್ನ ಇನ್ನೆರಡು ಮಾತು. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಶಾಫ್ಟಿನ ಸೀಲ್ ಎಣ್ಣೆ ಕಾಣದೆ ಒಣಗಿದರೆ ಸೋರಲು ಶುರುವಾಗುತ್ತದೆ. ರಾತ್ರಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ, ಎಸಿಯಲ್ಲಿ ಮಲಗಬೇಡಿ. ಸೈಲೆನ್ಸರ್ ಪೈಪಿನಲ್ಲಿ ಬಿರುಕಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ, ನಿದ್ದೆಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ.

ಕೆಲಸ ಮುಗಿದಾಗ ಮೆಕಾನಿಕ್ ಕೈಯಲ್ಲಿ ಒಂದು ಚೀಟಿ ಬರೆಸಿ ಬಾನೆಟ್ ಒಳಗೆ ಅಂಟಿಸಿಕೊಳ್ಳಿ: ತಾರೀಕು, ಗ್ಯಾಸಿನ ಹೆಸರು, ಹಾಕಿದ ಗ್ರಾಂ, ಎಣ್ಣೆಯ ಬಗೆ, ಬದಲಿಸಿದ ಭಾಗ. ಗ್ಯಾಸ್, ಎಣ್ಣೆಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದರೆ ಕನ್ನಡ ಬಾರದ ಊರಿನ ಗ್ಯಾರೇಜಿನಲ್ಲೂ ಓದಿಕೊಳ್ಳುತ್ತಾರೆ.